ಖಾಲಿ ಬೀರುವಿನ ಮುಂದೆ ನಿಂತದ್ದು

ಆ ಭಾನುವಾರ ಮಧ್ಯಾಹ್ನ ನಾನು ಬೀರುವಿನ ಒಳಗೆ ನಿಂತಿದ್ದೆ. ಹೊರಗೆ ನಮ್ಮ ಯಜಮಾನರು ತಮ್ಮ ಶಿಷ್ಯೆಗೆ ಪಾಠ ಹೇಳಿಕೊಡುತ್ತಿದ್ದರು. ಟಿ. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಮ್ಯಾಜಿಕ್‌ನ ಆ ಬೀರು ನಿಲ್ಲಿಸಿದರೆ ಉಳಿದ ಜಾಗ ಇಬ್ಬರಿಗೆ ಸಾಲುತ್ತದೆ. ಹಾಗಾಗಿ ಪಾಠದ ದಿನ ನಾನು ಒಂದೋ ಒಲೆಯ ಮುಂದೆ ಇರುತ್ತಿದ್ದೆ, ಇಲ್ಲವೇ ಬೀರುವಿನೊಳಗೆ.

“ಬಾಗಿಲ ಹಿಡೀನ ಹಂಗೆ ಹಿಡ್ಕೋಬೇಡಮ್ಮ, ಬಸ್ಸಲ್ಲಿ ಕಂಬಿ ಹಿಡ್ದಂಗೈತೆ,” ಎಂದರು ಅವರು.

ಅವಳು ನಕ್ಕಳು. ಅವರೂ ನಕ್ಕರು. ಆಮೇಲೆ ಹಲಗೆಗೆ ಬಡಿದು, “ಏನೇ, ಇದ್ದೀಯಾ?” ಎಂದರು.

“ಸಾರು ಸೀದ್ಹೋಗ್ತದೆ, ಬೇಗ ಮುಗ್ಸಿ,” ಎಂದೆ.

ಅವಳು ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಒಂದು ಅಪಾರ್ಟ್‌ಮೆಂಟಿನ ಗಣೇಶನ ಹಬ್ಬದಲ್ಲಿ ನಮ್ಮ ಆಟ ನೋಡಿ, ಕಲಿಯಬೇಕೆಂದು ಹಿಂದೆ ಬಿದ್ದವಳು. ಪ್ರತಿ ಭಾನುವಾರ ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿ ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಿದ್ದಳು. ಬರುವಾಗ ನನಗೆಂದು ಏನಾದರೂ ತರುತ್ತಿದ್ದಳು, ಒಂದು ಮೊಳ ಮಲ್ಲಿಗೆ, ಒಂದು ಪೊಟ್ಟಣ ಬಿಸ್ಕತ್ತು. ನಾನು ಮದುವೆಯಾದಂದಿನಿಂದ ಅವರ ಆಟದಲ್ಲಿ ಇದ್ದವಳು. ಕೈ ಹೇಗೆ ಆಡಬೇಕು, ಮಾತು ಎಲ್ಲಿ ನಿಲ್ಲಬೇಕು ಎಂದು ನನಗೆ ಅವರು ಹೇಳಿಕೊಟ್ಟಿರಲಿಲ್ಲ. ಕೇಳಿದರೆ, “ನಿಂಗ್ಯಾಕೆ ಅದು, ನಿನ್ ಕೆಲ್ಸ ನನ್ ಕೈಲಿ ಆಗ್ತದಾ?” ಎನ್ನುತ್ತಿದ್ದರು. ಅದು ಹೊಗಳಿಕೆಯೇ. ಆದರೂ ಅವಳಿಗೆ ಹೇಳಿಕೊಡುವಾಗ ಅವರ ದನಿ ಹಗುರಾಗುತ್ತಿದ್ದುದು ಹಲಗೆಯ ಹಿಂದೆ ನನಗೆ ಕೇಳುತ್ತಿತ್ತು. ನನಗೆ ಸಂಶಯವಿರಲಿಲ್ಲ. ಸಂಶಯವಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಇದು ಹೊಟ್ಟೆಕಿಚ್ಚು. ಅದಕ್ಕೆ ಜಗಳವಾಡಲು ಕಾರಣ ಸಿಗುವುದಿಲ್ಲ.

ಅವಳು ಹೋದ ಮೇಲೆ ಅವರು ಹಳೆಯ ಪೇಪರು ಮುದ್ದೆ ಮಾಡಿ ಬೀರುವಿನೊಳಗಿನ ಕನ್ನಡಿ ಒರೆಸಿದರು, ನಾನು ಕೀಲುಗಳಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆ. ಮುದ್ದೆ ಉಂಡು ಮಲಗಿದೆವು. ಮರುದಿನ ಬೆಳಗ್ಗೆ ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು.

ಆ ಬೀರುವಿನ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈ ವಿದ್ಯೆ ಹಳೆಯದು, ಮಾಡುವವರಿಗೆಲ್ಲ ಗೊತ್ತಿರುವುದು; ಬರೆದರೆ ಯಾರೂ ಬೇಸರಪಡಲಾರರು ಎಂದುಕೊಂಡಿದ್ದೇನೆ. ಆಳೆತ್ತರದ ಮರದ ಬೀರು, ಕೆಳಗೆ ಗಾಲಿ, ಮುಂದೆ ಎರಡು ಬಾಗಿಲು. ಒಳಗೆ ನಡುವೆ ಒಂದು ಸಣ್ಣ ಕಂಬ. ಎರಡು ಪಕ್ಕದಿಂದ ಎರಡು ಕನ್ನಡಿಗಳು ಓರೆಯಾಗಿ ಬಂದು ಆ ಕಂಬಕ್ಕೆ ಕೂಡುತ್ತವೆ. ಒಳಗೋಡೆಗಳಿಗೆಲ್ಲ ಒಂದೇ ಥರದ ಪಟ್ಟೆ ಕಾಗದ. ಕನ್ನಡಿಗಳು ಪಕ್ಕದ ಗೋಡೆಯನ್ನು ತೋರಿಸುತ್ತವೆ, ನೋಡುವವರಿಗೆ ಅದೇ ಹಿಂದಿನ ಗೋಡೆ ಎನಿಸುತ್ತದೆ, ಬೀರು ಖಾಲಿ ಕಾಣುತ್ತದೆ. ಕನ್ನಡಿಗಳ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗವಿದೆ. ಅದು ನನ್ನ ಜಾಗ. ಅವರು ಬೀರು ಖಾಲಿ ಎಂದು ತೋರಿಸಿ ಬಾಗಿಲು ಮುಚ್ಚುತ್ತಾರೆ. ಕತ್ತಲಲ್ಲಿ ನಾನು ಮೊದಲು ಎಡದ ಕನ್ನಡಿ, ಆಮೇಲೆ ಬಲದ ಕನ್ನಡಿಯನ್ನು ಪಕ್ಕದ ಗೋಡೆಗೆ ಮಡಚಬೇಕು. ಕನ್ನಡಿಯ ಬೆನ್ನಿಗೂ ಅದೇ ಪಟ್ಟೆ ಕಾಗದ ಅಂಟಿಸಿರುವುದರಿಂದ ಅದು ಗೋಡೆಯಲ್ಲಿ ಸೇರಿಹೋಗುತ್ತದೆ. ನಂತರ ಆರತಿ ತಟ್ಟೆಯ ದೀಪ ಹಚ್ಚಿ ನಗುತ್ತಾ ನಿಲ್ಲಬೇಕು. ಬಾಗಿಲು ತೆರೆದರೆ ಖಾಲಿ ಬೀರುವಿನಿಂದ ರೇಷ್ಮೆ ಸೀರೆಯ ಹೆಂಗಸು ಉರಿಯುವ ದೀಪ ಹಿಡಿದು ಹೊರಗೆ ಬರುತ್ತಾಳೆ. ಪೀಣ್ಯದ ಕಾರ್ಖಾನೆಗಳ ಆಯುಧಪೂಜೆಗೆ ಇದಕ್ಕಿಂತ ಹೇಳಿ ಮಾಡಿಸಿದ ಆಟ ಇನ್ನೊಂದಿಲ್ಲ.

ತಿಥಿಗಳು ಮುಗಿದು ಮನೆ ಖಾಲಿಯಾದ ಮೇಲೆ, ಪ್ರತಿ ವರ್ಷ ನಮ್ಮನ್ನು ಕರೆಯುತ್ತಿದ್ದ ಒಂದು ಕಾರ್ಖಾನೆಯ ಮೇಲ್ವಿಚಾರಕರು ಮನೆಗೆ ಬಂದರು. ಕ್ಯಾಂಟೀನು, ಹಬ್ಬ ಹರಿದಿನ ಎಲ್ಲ ಅವರದೇ ಉಸ್ತುವಾರಿ. ಒಳ್ಳೆಯ ಮನುಷ್ಯ. ಅವತ್ತು ಶಿಷ್ಯೆಯೂ ನನ್ನನ್ನು ನೋಡಲು ಬಂದಿದ್ದಳು.

“ಹೇಳೋಕೇ ಸಂಕಟ ಆಗ್ತದಮ್ಮ,” ಎಂದು ಕಾಫಿ ಲೋಟವನ್ನು ತಿರುಗಿಸುತ್ತಾ ಕೂತರು. “ಸಾರ್ ಪ್ರೋಗ್ರಾಂ ಬಿಡೋ ಮನ್ಸಿಲ್ಲ ನಮ್ಗೆ. ಆದ್ರೆ ಆಯುಧಪೂಜೆ ದಿವ್ಸ ನೋಡಿ… ಓನರ್ ತಾಯಿನೂ ಬರ್ತಾರೆ. ಆರತಿ ತಟ್ಟೆ ಹಿಡ್ಕೊಂಡು ನೀವು ಬಂದ್ರೆ… ನನ್ಗೇನಿಲ್ಲಮ್ಮ, ಜನ ಏನಾದ್ರೂ ಅಂತಾರೆ.”

ಹನ್ನೊಂದನೆಯ ದಿನ ನನ್ನ ಹಣೆ ಒರೆಸಿದ್ದರು. ಆಮೇಲೆ ಮತ್ತೆ ಇಟ್ಟುಕೊಳ್ಳಬೇಡ ಎಂದು ಯಾರೂ ಹೇಳಲಿಲ್ಲ. ನನ್ನ ಕೈಯೇ ಕುಂಕುಮದ ಕರಡಿಗೆಯ ಕಡೆ ಹೋಗಿರಲಿಲ್ಲ.

“ಈ ಮೇಡಂ ಇದಾರಲ್ಲ,” ಎಂದು ಅವರು ಅವಳ ಕಡೆ ತಿರುಗಿದರು. “ಸಾರ್ ಎಲ್ಲಾ ಕಲ್ಸಿದಾರಂತೆ. ಅವ್ರೇ ಮಾಡ್ಲಿ ಬಿಡಿ. ನೀವು ಜೊತೇಲಿ ಬನ್ನಿ, ಊಟ ಮಾಡ್ಕೊಂಡು ಹೋಗಿ.”

ಅವಳಿಗೆ ಮುಜುಗರವಾಯಿತು. ಆದರೂ ಹೇಳಿದಳು: “ಅಕ್ಕಾ, ನಾನು ಮುಂದೆ ನಿಂತ್ಕೊಂಡು ಮಾತಾಡ್ತೀನಿ. ಒಳಗಡೆಗೆ ನನ್ ರೂಮ್‌ಮೇಟ್‌ನ ಕರ್ಕೊಂಡು ಬರ್ಲಾ? ಸಣ್ಣಗಿದಾಳೆ, ಹಿಡೀತಾಳೆ.”

ಹಿಡೀತಾಳೆ ಎಂಬ ಮಾತು ನನ್ನ ಎದೆಯಲ್ಲಿ ನಿಂತಿತು. ಕನ್ನಡಿಯ ಹಿಂದೆ ನನ್ನ ಹೆಗಲು ತಾಗಿ ತಾಗಿ ಕಾಗದ ಸವೆದ ಜಾಗದಲ್ಲಿ, ನನ್ನ ಗಂಡನನ್ನು ಕಂಡೇ ಇರದ ಒಬ್ಬ ಹುಡುಗಿ ನಿಲ್ಲುತ್ತಾಳೆ. ಮುಂದೆ ಅವರ ಜಾಗದಲ್ಲಿ ಇವಳು. ನಾನು ಊಟ ಮಾಡಿಕೊಂಡು ಬರುವವಳು.

“ಆರತಿ ನೀನು ಹಿಡ್ಕೊಂಡು ಬಾ,” ಎಂದೆ. “ಬಾಗಿಲು ನಾನು ತೆಗೀತೀನಿ.”

ಇಬ್ಬರೂ ನನ್ನ ಮುಖ ನೋಡಿದರು.

“ಮಾತು ಅಕ್ಕಾ?” ಎಂದಳು.

“ಹೇಳ್ಕೊಡು.”

ಮೇಲ್ವಿಚಾರಕರು ಲೋಟ ಕೆಳಗಿಟ್ಟರು. “ಮೈಕಲ್ಲಿ ಮಾತಾಡೋದಕ್ಕೆ ಅಭ್ಯಂತರ ಏನಿಲ್ಲಮ್ಮ. ಆದ್ರೆ ಮಧ್ಯದಲ್ಲಿ ತೊಡರಿದ್ರೆ ಆಟ ಈ ಮೇಡಂಗೆ ಬಿಟ್ಕೊಡಿ. ಚೆನ್ನಾಗಾದ್ರೆ ಮುಂದೆನೂ ನೀವೇ. ಇಲ್ಲಾಂದ್ರೆ ಮುಂದಿನ ವರ್ಷದಿಂದ ಅವ್ರನ್ನೇ ಕರ್ಕೋತೀವಿ. ಬೇಜಾರ್ ಮಾಡ್ಕೋಬೇಡಿ.”

ಬೇಜಾರಿನ ಮಾತಲ್ಲ ಅದು. ಆ ಬೀರು ಯಾರದು ಎಂಬ ಮಾತು. ಒಂದು ಕಾರ್ಖಾನೆ ಅವಳನ್ನು ಕರೆದರೆ ಉಳಿದವೂ ಅವಳನ್ನೇ ಕರೆಯುತ್ತವೆ, ಪೀಣ್ಯದಲ್ಲಿ ಸುದ್ದಿ ಹಾಗೆಯೇ ಓಡುತ್ತದೆ.

ಹೀಗೆ ನಾವಿಬ್ಬರೂ ನಮ್ಮದಲ್ಲದ ಜಾಗದಲ್ಲಿ ನಿಂತು ಅಭ್ಯಾಸ ಶುರುಮಾಡಿದೆವು. ಹೊರಗಿನದು ಗೊತ್ತಿದ್ದವಳು ಒಳಗೆ, ಒಳಗಿನದು ಗೊತ್ತಿದ್ದವಳು ಹೊರಗೆ.

ಮಾತುಗಳು ನನಗೆ ಬಾಯಿಪಾಠವಾಗಿದ್ದವು. ಅಷ್ಟು ವರ್ಷ ಹಲಗೆಯ ಹಿಂದಿನಿಂದ ಕೇಳಿದ್ದೆನಲ್ಲ. “ಈ ಬೀರು ನಮ್ಮ ಮಾವ ಮದುವೇಲಿ ಕೊಟ್ಟಿದ್ದು. ಕೊಟ್ಟಾಗ್ಲೂ ಖಾಲಿ, ಈಗ್ಲೂ ಖಾಲಿ” ಎಂದು ಅವರು ಆರಂಭಿಸುತ್ತಿದ್ದರು. ಅದನ್ನು “ನಮ್ಮಪ್ಪ ಅಳಿಯಂಗೆ ಕೊಟ್ಟಿದ್ದು” ಎಂದು ಬದಲಿಸಿಕೊಂಡೆವು. ಆದರೆ ಆ ಮಾತಿನ ಹೊತ್ತಿನಲ್ಲಿ ಅವರ ಕೈ ಎಲ್ಲಿರುತ್ತಿತ್ತು, ಕಣ್ಣು ಯಾರನ್ನು ನೋಡುತ್ತಿತ್ತು, ಎಷ್ಟು ಹೆಜ್ಜೆ ಸರಿಯುತ್ತಿದ್ದರು, ಇವೊಂದೂ ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

“ಒಪ್ಪಿಸ್ಬೇಡಿ ಅಕ್ಕಾ, ಹೇಳಿ. ಸ್ಕೂಲಲ್ಲಿ ಪದ್ಯ ಹೇಳ್ದಂಗೆ ಹೇಳ್ತಿದೀರ.”

“ನಂಗೆ ಬರೋದೇ ಹಂಗೆ.”

“ಖಾಲಿ ಅಂದ್ಮೇಲೆ ಸ್ವಲ್ಪ ನಿಲ್ಸಿ. ಗುರುಗಳು ಇಲ್ಲಿ ಹೀಗೆ ಗಂಟಲು ಸರಿಮಾಡ್ಕೊಂಡು, ಹಿಂದಿನ ಸಾಲಲ್ಲಿ ಒಬ್ರನ್ನ ಹಿಡ್ದು ನೋಡ್ತಿದ್ರು.” ಅವಳು ಮಾಡಿ ತೋರಿಸಿದಳು. ಗಂಟಲು ಸರಿಮಾಡಿಕೊಂಡಳು. ಎಡ ಭುಜ ಸ್ವಲ್ಪ ಇಳಿಯಿತು. ಅವರೇ ಬಂದು ನಿಂತ ಹಾಗಾಯಿತು. ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಪಾತ್ರೆ ತೊಳೆದೆ. ಅತ್ತದ್ದಕ್ಕಿಂತ ಉರಿದದ್ದೇ ಹೆಚ್ಚು. ನನ್ನ ಗಂಡನ ಗಂಟಲು ಇವಳಲ್ಲಿ ಉಳಿದಿದೆ, ನನ್ನಲ್ಲಿ ಉಳಿದಿಲ್ಲ.

ಒಳಗಿನ ಕೆಲಸವನ್ನು ನಾನು ಅವಳಿಗೆ ಹೇಳಿಕೊಟ್ಟೆ. ಸೀರೆಯ ನೆರಿಗೆಯನ್ನು ಮೊಣಕಾಲಿನ ನಡುವೆ ಹಿಡಿಯುವುದು, ಇಲ್ಲದಿದ್ದರೆ ಕನ್ನಡಿ ಮಡಚುವಾಗ ಕೀಲಿಗೆ ಸಿಕ್ಕುತ್ತದೆ. ಬಾಯಿಂದ ಉಸಿರಾಡುವುದು, ಮೂಗಿನಿಂದಾದರೆ ಸದ್ದು ಬರುತ್ತದೆ. ಬತ್ತಿಯ ತುದಿಗೆ ಕರ್ಪೂರದ ಪುಡಿ ಮೆತ್ತಿದರೆ ಒಂದೇ ಕಿಡಿಗೆ ಹತ್ತುತ್ತದೆ. ಕಾಲ ಬಳಿ ಒದ್ದೆ ಬಟ್ಟೆ ಇಟ್ಟುಕೊಳ್ಳಬೇಕು, ಏನಾದರೂ ಹತ್ತಿಕೊಂಡರೆ ಎಂದು.

“ಬ್ಯಾಟರಿ ದೀಪ ಇಟ್ರೆ ಈಸಿ ಅಲ್ವಾ ಅಕ್ಕಾ?”

“ಬ್ಯಾಟರಿ ದೀಪಕ್ಕೆ ಯಾರಾದ್ರೂ ಕೈ ಮುಗೀತಾರಾ?”

ಅವಳು ನಕ್ಕು ಮತ್ತೆ ಒಳಗೆ ಹೋದಳು. ಹುಡುಗಿ ಬೇಗ ಕಲಿತಳು. ಅದೂ ನನಗೆ ಹಿಡಿಸಲಿಲ್ಲ.

ತೊಡಕು ಬಂದದ್ದು ಬಾಗಿಲು ಮುಚ್ಚಿದ ಮೇಲಿನ ಮಾತಿನಲ್ಲಿ. ನಾನು ಮಾತು ಮುಗಿಸಿ ಬಾಗಿಲು ತೆರೆದರೆ ಅವಳು ಇನ್ನೂ ಬಲದ ಕನ್ನಡಿಯ ಜೊತೆ ಗುದ್ದಾಡುತ್ತಿರುತ್ತಿದ್ದಳು. ಮತ್ತೆ ಮತ್ತೆ ಹಾಗೇ ಆಯಿತು. “ಬೇಗ ಬೇಗ ಮಾಡು,” ಎಂದು ಗದರಿದೆ. “ನಾನು ಅವರ ಮಾತಿಗೆ ಸರಿಯಾಗಿ ಮುಗಿಸ್ತಿರ್ಲಿಲ್ವಾ?”

ಅವಳು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದಳು. “ಇಲ್ಲ ಅಕ್ಕಾ. ಗುರುಗಳು ನಿಮಗೋಸ್ಕರ ಕಾಯ್ತಿದ್ರು. ನಂಗೆ ಹೇಳಿದ್ರು, ಇಲ್ಲಿ ಮಾತು ಉದ್ದ ಮಾಡೋದು ಜನಕ್ಕಲ್ಲ, ಒಳಗಿರೋಳಿಗೆ ಅಂತ. ಬಲಗಡೆ ಕನ್ನಡಿ ಗೋಡೆಗೆ ಕೂತಾಗ ‘ಟಕ್’ ಅಂತ ಸಣ್ಣ ಸದ್ದು ಬರುತ್ತೆ. ಅದು ಕೇಳೋವರ್ಗೂ ಏನಾದ್ರೂ ಮಾತಾಡ್ತಾ ಇರು. ನಮ್ಮನೇವ್ಳು ಒಂದೊಂದಿನ ತಡ ಮಾಡ್ತಾಳೆ, ಸೊಂಟ ನೋವು, ಆದ್ರೆ ಹೇಳ್ಕೊಳಲ್ಲ ಅಂದ್ರು.”

ಅಷ್ಟು ವರ್ಷ ನಾನು ಅವರ ಮಾತಿನ ಹಿಂದೆ ಓಡುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಸೊಂಟನೋವು ಅವರಿಗೆ ಗೊತ್ತಿತ್ತು ಎಂಬುದನ್ನೂ ಇವಳ ಬಾಯಿಂದಲೇ ಕೇಳಬೇಕಾಯಿತು. ಖುಷಿ ಪಡಬೇಕಾದ ಮಾತು. ನನ್ನಿಂದ ಆಗಲಿಲ್ಲ. ನನಗೆ ಹೇಳಬಹುದಿತ್ತಲ್ಲ, ಇವಳಿಗೇಕೆ ಹೇಳಿದರು ಎಂದೇ ಮನಸ್ಸು ಸುತ್ತಿತು.

ಆದರೂ ಅವತ್ತಿನಿಂದ ನಾನು ‘ಟಕ್’ಗೆ ಕಿವಿಯಿಟ್ಟು ಮಾತನಾಡಿದೆ. ಆಟ ಕೂಡಿಬಂತು.

ಆಯುಧಪೂಜೆಯ ಬೆಳಗ್ಗೆ ಲಗೇಜ್ ಆಟೋದಲ್ಲಿ ಬೀರು ಹೇರಿಕೊಂಡು ಹೋದೆವು. ಕಾರ್ಖಾನೆಯ ಯಂತ್ರಗಳೆಲ್ಲ ಬಾಳೆಕಂದು ಕಟ್ಟಿಕೊಂಡು, ವಿಭೂತಿ ಬಳಿದುಕೊಂಡು ನಿಂತಿದ್ದವು. ನೆಲದ ಹಳದಿ ಗೆರೆಗಳ ಪಕ್ಕ ರಂಗೋಲಿ. ಪರದೆ ಇಲ್ಲದ ಜಾಗ, ಆದ್ದರಿಂದ ಸ್ಟೋರ್ ರೂಮಿನಲ್ಲೇ ಅವಳನ್ನು ಕನ್ನಡಿಯ ಹಿಂದೆ ನಿಲ್ಲಿಸಿ, ಕನ್ನಡಿಯನ್ನು ಪೇಪರಿನಿಂದ ಒರೆಸಿ, ಬೀರುವನ್ನು ತಳ್ಳಿಕೊಂಡು ತಗಡು ಒತ್ತುವ ದೊಡ್ಡ ಪ್ರೆಸ್ಸಿನ ಪಕ್ಕ ತಂದು ನಿಲ್ಲಿಸಿದೆ. ಬೆಂಚುಗಳನ್ನು ಎದುರಿಗೇ ಹಾಕಿಸಿದೆ. ತೀರಾ ಪಕ್ಕದಲ್ಲಿ ಕೂತವರಿಗೆ ಕನ್ನಡಿ ತಿಳಿದುಬಿಡುತ್ತದೆ. ಒಳಗೆ ಸೆಕೆ ಎಂದು ಅವಳು ಪಿಸುಗುಟ್ಟಿದಳು. ಗಾಳಿಯಾಡಲೆಂದು ಬಾಗಿಲುಗಳನ್ನು ಸ್ವಲ್ಪ ತೆರೆದಿಟ್ಟು ಮೈಕು ನೋಡಲು ಹೋದೆ.

ಅಷ್ಟರಲ್ಲಿ ಕಾರ್ಮಿಕರು ಬೂದುಗುಂಬಳ ಒಡೆಯುತ್ತಾ ಬಂದರು. ಕಾಯಿಯನ್ನು ಕೊರೆದು ಒಳಗೆ ಕುಂಕುಮ ತುಂಬಿ, ಒಂದೊಂದು ಯಂತ್ರಕ್ಕೂ ನಿವಾಳಿಸಿ ಮುಂದೆ ಒಡೆಯುವುದು ಅಲ್ಲಿಯ ಪದ್ಧತಿ. ಪ್ರೆಸ್ಸಿನ ಮುಂದೆ ಒಡೆದವರು ಪಕ್ಕದಲ್ಲಿದ್ದ ನಮ್ಮ ಬೀರುವನ್ನು ನೋಡಿದರು. “ಇದೂ ಒಂದ್ ಮಿಷನ್ನೇ ಅಲ್ಲೇನೋ, ಹೊಡಿ ಒಂದು,” ಎಂದು ಯಾರೋ ಹೇಳಿದ್ದು ನನಗೆ ಮೈಕಿನ ಹತ್ತಿರ ಕೇಳಿಸಿತು. ತಿರುಗುವುದರೊಳಗೆ ಒಡೆದಾಗಿತ್ತು. ಓಡಿಬಂದು ಹೊರಗಿನ ಕೆಂಪನ್ನು ಸೆರಗಿನಲ್ಲಿ ಒರೆಸಿದೆ. “ನಿಮ್ಗೂ ಒಳ್ಳೇದಾಗ್ಲಿ ಅಂತ ಹೊಡ್ದೇವ್ರಿ ಅಕ್ಕಾರ,” ಎಂದ ಒಬ್ಬ ಉತ್ತರ ಕರ್ನಾಟಕದ ಹುಡುಗ. ಮೇಲ್ವಿಚಾರಕರು ಮೈಕಿನಲ್ಲಿ ನನ್ನನ್ನು ಕರೆಯುತ್ತಿದ್ದರು. ಒಳಗೆ ನೋಡದೆ ಬಾಗಿಲು ಮುಚ್ಚಿದೆ.

ಸಣ್ಣ ಪುಟ್ಟ ಆಟಗಳಾದವು. ಕರವಸ್ತ್ರ, ಹಗ್ಗ, ನಿಂಬೆಹಣ್ಣು. ಒಂದೂ ಕೆಡಲಿಲ್ಲ. ನಂತರ ಬೀರು. “ನಮ್ಮಪ್ಪ ಅಳಿಯಂಗೆ ಕೊಟ್ಟಿದ್ದು. ಕೊಟ್ಟಾಗ್ಲೂ ಖಾಲಿ…” ಎಂದು ನಿಲ್ಲಿಸಿ, ಹಿಂದಿನ ಸಾಲಿನ ಒಬ್ಬರನ್ನು ನೋಡಿ, ಬಾಗಿಲು ಎಳೆದೆ. “ಈಗ್ಲೂ ಖಾಲಿ.”

ಯಾರೂ ನಗಲಿಲ್ಲ. ಎಲ್ಲರೂ ಬೀರುವಿನ ಒಳಗೆ ನೋಡುತ್ತಿದ್ದರು. ನಾನೂ ತಿರುಗಿದೆ. ಬೀರುವಿನ ಖಾಲಿ ಗಾಳಿಯಲ್ಲಿ, ಯಾವುದಕ್ಕೂ ಅಂಟದೆ, ಕೆಂಪು ಚುಕ್ಕೆಗಳು ನಿಂತಿದ್ದವು.

“ಏ ಅಕ್ಕಾರ, ಕುಂಕುಮ ಗಾಳ್ಯಾಗ ನಿಂತೈತಲ್ರಿ!” ಎಂದ ಅದೇ ಹುಡುಗ.

“ಕನ್ನಡಿ ಇರ್ಬೇಕು ಕಣೋ ಮಗಾ,” ಎಂದಿತು ಇನ್ನೊಂದು ದನಿ.

ನಗು ಶುರುವಾಯಿತು. ಮೇಲ್ವಿಚಾರಕರು ಬೆಂಚಿನಿಂದ ಅರ್ಧ ಎದ್ದರು. ಬಿಟ್ಟುಕೊಡಿ ಎಂದಿದ್ದರಲ್ಲ. ಆದರೆ ಬಿಟ್ಟುಕೊಡಬೇಕಾದವಳು ಕನ್ನಡಿಯ ಹಿಂದೆ ಇದ್ದಳು, ಏನಾಗಿದೆ ಎಂದು ಅವಳಿಗೆ ಕಾಣುತ್ತಲೂ ಇರಲಿಲ್ಲ. ನಮ್ಮ ಯಜಮಾನರು ಹೇಳಿಟ್ಟ ಮಾತುಗಳಲ್ಲಿ ಇದಕ್ಕೆ ಮಾತಿರಲಿಲ್ಲ. ಅವಳು ಕಲಿತದ್ದರಲ್ಲೂ ಇರಲಿಲ್ಲ.

ನಾನು ಬೀರುವಿನ ಹತ್ತಿರ ಹೋಗಿ ಆ ಚುಕ್ಕೆಗಳನ್ನು ನೋಡಿದೆ. ಮೈಕು ಬಾಯಿಗೆ ಹಿಡಿದೆ.

“ನಮ್ಮೆಜಮಾನ್ರು ಹೋದ ಮೇಲೆ ನನ್ನ ಹಣೆ ಕುಂಕುಮ ಒರೆಸಿದ್ರು. ಎಲ್ಲಿ ಹೋಯ್ತೋ ಅಂತಿದ್ದೆ. ಅವರ ಬೀರುನಲ್ಲಿ ಬಂದು ಕೂತಿದೆ, ನೋಡಿ.”

ನಗು ನಿಂತಿತು. ಓನರ್ ತಾಯಿ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ನಾನು ಬಾಗಿಲು ಮುಚ್ಚಿದೆ. “ನನಗೆ ಬೇಡದಿದ್ರೆ ಬೇರೆ ಯಾರಿಗಾದ್ರೂ ಕೊಡಿ ಅಂತ ಅವರನ್ನೇ ಕೇಳೋಣ,” ಎಂದು ಹಲಗೆಯನ್ನು ತಟ್ಟಿದೆ. ಒಳಗೆ ಎಡದ ಕನ್ನಡಿ ಸರಿಯಿತು. ನಾನು ಮಾತು ಮುಂದುವರಿಸಿದೆ. ಏನು ಹೇಳಿದೆನೋ ಈಗ ನೆನಪಿಲ್ಲ. ‘ಟಕ್’ ಎಂದಿತು. ಬಾಗಿಲು ತೆರೆದೆ.

ಗಾಳಿಯಲ್ಲಿದ್ದ ಕುಂಕುಮ ಇರಲಿಲ್ಲ. ಅದು ಕನ್ನಡಿಯ ಜೊತೆ ಗೋಡೆಯ ಕಡೆ ಮಡಚಿ ಹೋಗಿತ್ತು. ಅದರ ಬದಲು ಒಂದು ಹುಡುಗಿ, ಕೈಯಲ್ಲಿ ಉರಿಯುವ ದೀಪ, ಹಣೆಯಲ್ಲಿ ರೂಪಾಯಿಯಗಲದ ಕುಂಕುಮ. ಕೂಗು, ಶಿಳ್ಳೆ, ಯಾರೋ ತಗಡು ಬಡಿದರು. ಓನರ್ ತಾಯಿ ಎದ್ದು ಕೈ ಮುಗಿದರು. ಅವಳಿಗೆ, ಅವಳ ಕೈಯ ದೀಪಕ್ಕೆ.

ಆಮೇಲೆ ಎಲ್ಲರೂ ಅವಳ ಪಕ್ಕ ನಿಂತು ಸೆಲ್ಫಿ ತೆಗೆಸಿಕೊಂಡರು. “ಮೇಡಂ, ಸಕ್ಕತ್ತಾಗಿ ಬಂದ್ರಿ.” ನಾನು ಹಗ್ಗ ಸುತ್ತಿಡುತ್ತಿದ್ದೆ. ಮೇಲ್ವಿಚಾರಕರು ಬಂದು, “ಮುಂದಿನ ವರ್ಷಾನೂ ನೀವೇ ಅಮ್ಮ,” ಎಂದರು. ಆಮೇಲೆ ದನಿ ತಗ್ಗಿಸಿ, “ಆ ಕುಂಕುಮದ ಮಾತು… ಆ ಮೇಡಂ ಬರ್ದುಕೊಟ್ಟಿದ್ರಾ?”

“ಇಲ್ಲ. ನಂದೇ.”

“ಹೌದಾ,” ಎಂದರು. ನಂಬಿದ ಹಾಗೆ ಕಾಣಲಿಲ್ಲ.

ಆಟ ನನ್ನದಾಗಿ ಉಳಿಯಿತು. ಈಗ ನಾಲ್ಕಾರು ಕಾರ್ಖಾನೆಗಳಲ್ಲಿ, ಹೆಬ್ಬಗೋಡಿ ಕಡೆಯ ಒಂದೆರಡು ಕಡೆಯೂ ಮಾಡಿದ್ದೇವೆ. ಕೆಲವು ಕಡೆ ಬೇಕೆಂದೇ ಕನ್ನಡಿಗೆ ಕುಂಕುಮ ಎರಚುತ್ತೇವೆ. ಆಟ ಅದರಿಂದ ಚೆನ್ನಾಗಿದೆ ಎಂದು ಅವಳು ಹೇಳುತ್ತಾಳೆ, ನಿಜ. ಹೊಟ್ಟೆಕಿಚ್ಚು ಹೋಗಿದೆ ಎಂದು ಹೇಳಲಾರೆ. ಅವಳು ಗಂಟಲು ಸರಿಮಾಡಿಕೊಂಡಾಗ ಇವತ್ತಿಗೂ ನಾನು ತಿರುಗಿ ನೋಡುವುದಿಲ್ಲ.

ಆದರೆ ಹೊರಗೆ ನಿಂತ ಮೇಲೆ ಒಂದು ವಿಷಯ ತಿಳಿಯಿತು. ಬಾಗಿಲು ತೆರೆದು ಅವಳು ದೀಪ ಹಿಡಿದು ಕಾಣಿಸಿಕೊಳ್ಳುವ ಆ ಗಳಿಗೆಯಲ್ಲಿ ಬಾಗಿಲು ಹಿಡಿದವರನ್ನು ಯಾರೂ ನೋಡುವುದಿಲ್ಲ. ಅಷ್ಟು ಹೊತ್ತು ಜನರ ಕಣ್ಣಿಗೆ ಕಟ್ಟಿಹಾಕಿಕೊಂಡಿದ್ದ ಮುಖ ಆಗ ಬಿಡುಗಡೆಯಾಗುತ್ತದೆ. ಅದನ್ನು ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು. ಮೊದಲ ದಿನ ನಾನು ಅತ್ತುಬಿಟ್ಟೆ, ಯಾರೂ ನೋಡಲಿಲ್ಲ.

ಆಟ ಮುಗಿಸಿ ಬರುವಾಗ ಒಮ್ಮೆ ಲಗೇಜ್ ಆಟೋದಲ್ಲಿ ಅವಳನ್ನು ಕೇಳಿದೆ. “ನೀನು ಮುಂದೆ ಕೂತು ಅವರ ಆಟ ಅಷ್ಟು ಸಲ ನೋಡಿದ್ದೀಯಲ್ಲ. ನಾನು ಬೀರುನಿಂದ ಬರೋವಾಗ ಅವರ ಮುಖ ಹೇಗಿರ್ತಿತ್ತು?”

ಅವಳು ಸುಳ್ಳು ಹೇಳುವವಳಲ್ಲ.

“ಗೊತ್ತಿಲ್ಲ ಅಕ್ಕಾ. ನಾನೂ ನಿಮ್ಮನ್ನೇ ನೋಡ್ತಿದ್ದೆ.”

ಅವರಿದ್ದಾಗಿನ ಆಟಗಳನ್ನು ಜನ ಮೊಬೈಲಿನಲ್ಲಿ ತೆಗೆದ ವಿಡಿಯೋ ತುಣುಕುಗಳನ್ನು ಕೇಳಿ ತರಿಸಿಕೊಂಡು ನೋಡಿದೆ. ಮಾತನಾಡುವಾಗ ಅವರಿದ್ದಾರೆ, ಬಾಗಿಲಿಗೆ ಕೈ ಹಾಕುವವರೆಗೂ ಇದ್ದಾರೆ. ತೆರೆಯುತ್ತಿದ್ದ ಹಾಗೆ ಎಲ್ಲ ಮೊಬೈಲೂ ನನ್ನ ಕಡೆ ತಿರುಗಿವೆ. ನಾನೋ ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಜನರ ಕಡೆ ನಗುತ್ತಿದ್ದೇನೆ.

ನಾನು ಹೊರಗೆ ಬರುವಾಗ ಅವರ ಮುಖ ಹೇಗಿರುತ್ತಿತ್ತು ಎಂದು ಕಂಡವರು ಇವತ್ತಿನವರೆಗೆ ಯಾರೂ ಸಿಕ್ಕಿಲ್ಲ.